ನಾಲ್ಕನೇ ಸಲವೂ ಬೇಡ ಎಂದವಳು

ನಮ್ಮ ದೊಡ್ಡಮ್ಮನ ಬಲಗೈ ಹೆಬ್ಬೆರಳು ಸದಾ ಹಸಿರುಗಪ್ಪಾಗಿರುತ್ತಿತ್ತು. ಯಾವ ಎಲೆ ಕಂಡರೂ ಕಿತ್ತು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಸುಕಿ, ಮೊದಲು ತಾನು ಮೂಸಿ, ಆಮೇಲೆ ಎದುರಿಗಿದ್ದವರ ಮೂಗಿಗೇ ಹಿಡಿಯುತ್ತಿದ್ದಳು. ಎದುರಿಗಿರುವವರು ಊರಿನ ಹಿರಿಯರೋ ಬಸ್ಸಿನ ಕಂಡಕ್ಟರೋ ಎಂಬ ಭೇದ ಅವಳಿಗಿರಲಿಲ್ಲ. ಸೋಪು ಹಚ್ಚಿ ಉಜ್ಜಿದರೂ ಹೋಗದ ಆ ಕಲೆಯನ್ನು ಬಿಟ್ಟರೆ ಉಳಿದ ಕೈಯೆಲ್ಲ ಬೆಳ್ಳಗೆ, ಬಿಸಿಲಿಗೆ ಕೆಂಪು ಚುಕ್ಕೆಗಳೆದ್ದು, ನಮ್ಮ ಮನೆಯ ಯಾರ ಕೈಯಂತೆಯೂ ಇರಲಿಲ್ಲ.

ಅವಳು ಪೋಲೆಂಡಿನವಳು. ನಮ್ಮ ದೊಡ್ಡಪ್ಪ ಸ್ಕಾಲರ್‌ಶಿಪ್ ಸಿಕ್ಕಿ ಎಂಜಿನಿಯರಿಂಗ್ ಓದಲು ಆ ದೇಶಕ್ಕೆ ಹೋಗಿದ್ದರು. ಓದು ಮುಗಿಸಿ, ಅಲ್ಲೇ ಮದುವೆಯಾಗಿ ಬರುವಾಗ ಜೊತೆಯಲ್ಲಿ ದೊಡ್ಡಮ್ಮನೂ ಬಂದಳು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ದುಡಿದ ಮೇಲೆ ದೊಡ್ಡಪ್ಪನಿಗೆ ಸಾಕೆನಿಸಿ, ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಊರಿಗೆ ವಾಪಸು ಬಂದು ಬೇಸಾಯಕ್ಕೆ ನಿಂತರು. ದಿಬ್ಬೂರಹಳ್ಳಿಯಿಂದ ನಡೆದುಹೋಗುವಷ್ಟು ದೂರದ ಊರು. ಸುತ್ತಮುತ್ತ ಎಲ್ಲರೂ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರು. ಇವರಿಬ್ಬರು ಹೂವಿನ ತೋಟ ಹಾಕಿದರು. ಅವರಿಗೆ ಮಕ್ಕಳಿರಲಿಲ್ಲ. ದೊಡ್ಡಪ್ಪನ ತಮ್ಮನ ಮಗಳಾದ ನಾನು ಅದೇ ಹಟ್ಟಿಯಲ್ಲಿ, ಅವಳ ಸೆರಗು ಹಿಡಿದೇ ಬೆಳೆದೆ.

ಮೊದಲ ಸಲ ಊರಿಗೆ ಬಂದಾಗ ನಮ್ಮ ಅಜ್ಜಿ ಅವಳನ್ನು ಮನೆ ತುಂಬಿಸಿಕೊಂಡಳಂತೆ, ಆದರೆ ಮಾತಾಡಿಸಲಿಲ್ಲವಂತೆ. ಆ ಮೌನ ಮುರಿದದ್ದು ಹಸುವಿನಿಂದ. ಮನೆಯ ಹಸು ಕರು ಹಾಕಿ, ಮೇವು ಮುಟ್ಟದೆ ಮಲಗಿಬಿಟ್ಟಿತ್ತು. ಅಜ್ಜಿ ಶುಂಠಿ ಬೆಲ್ಲ ಕುಟ್ಟಿ ಕೊಟ್ಟಿಗೆಗೆ ಹೋದರೆ ಅಲ್ಲಿ ದೊಡ್ಡಮ್ಮ ಒಣಗಿದ ಗಿಡಗಳ ಕಂತೆಯೊಂದನ್ನು ಬಿಚ್ಚಿ ಹಸುವಿನ ಬಾಯಿಗೆ ಹಿಡಿಯುತ್ತಿದ್ದಳು. ಅವಳು ಹೊರಡುವಾಗ ತಾಯಿ ಕಟ್ಟಿಕೊಟ್ಟ ಕಂತೆ ಅದು. ಅವರ ಕಡೆ ಆಗಸ್ಟ್ ಹದಿನೈದಕ್ಕೆ ಮೇರಿಯಮ್ಮನ ಹಬ್ಬ. ಹೆಂಗಸರು ಹೊಲದ ತೆನೆ, ಕಾಡುಹೂವು, ಮದ್ದಿನ ಸೊಪ್ಪು ಎಲ್ಲ ಸೇರಿಸಿ ಕಂತೆ ಕಟ್ಟಿ ಚರ್ಚಿಗೆ ಒಯ್ಯುತ್ತಾರೆ. ತೀರ್ಥ ಹಾಕಿಸಿಕೊಂಡು ಬಂದ ಕಂತೆಯನ್ನು ಬಾಗಿಲ ಮೇಲೆ ತೂಗುಹಾಕುತ್ತಾರೆ. ವರ್ಷವಿಡೀ ಅದಕ್ಕೆ ಕೆಲಸವಿದೆ. ಕರು ಹಾಕಿದ ಹಸುವಿಗೆ ಒಂದು ಹಿಡಿ, ಗುಡುಗು ಸಿಡಿಲು ಬಂದರೆ ಒಲೆಗೆ ಒಂದು ಚಿಟಿಕೆ, ಮಗುವಿಗೆ ದೃಷ್ಟಿ ತಾಕಿದರೆ ಹೊಗೆ. ಇದನ್ನೆಲ್ಲ ಹೇಳಲು ದೊಡ್ಡಮ್ಮನಿಗೆ ಆಗ ಕನ್ನಡ ಬರುತ್ತಿರಲಿಲ್ಲ. ಹೇಳಬೇಕಾದ ಅಗತ್ಯವೂ ಬೀಳಲಿಲ್ಲ. ಅಜ್ಜಿ ಆ ಕಂತೆಯನ್ನು ಕೈಗೆ ತೆಗೆದುಕೊಂಡು ಮೂಸಿ ನೋಡಿ, ತನ್ನ ಶುಂಠಿ ಬೆಲ್ಲದ ಜೊತೆಗೇ ಕಲಸಿದಳು. ಹಸು ಎದ್ದದ್ದು ಯಾವುದರಿಂದ ಎಂದು ಇಬ್ಬರೂ ಕೊನೆಯವರೆಗೆ ವಾದ ಮಾಡಲಿಲ್ಲ.

ಅಲ್ಲಿಂದಾಚೆಗೆ ಅತ್ತೆ ಸೊಸೆ ಇಬ್ಬರೂ ಗುಡ್ಡದ ಕಡೆ ಸೊಪ್ಪಿಗೆ ಹೋಗತೊಡಗಿದರು. ತುಂಬೆ, ಲಕ್ಕಿ, ಉತ್ತರಾಣಿ, ನೆಲನೆಲ್ಲಿ, ಕಾಮಕಸ್ತೂರಿ ಎಂದು ದೊಡ್ಡಮ್ಮ ಕಲಿತ ಮೊದಲ ಕನ್ನಡವೆಲ್ಲ ಗಿಡಗಳ ಹೆಸರು. ಉಳಿದ ಮಾತನ್ನೂ ಅಜ್ಜಿಯ ಬಾಯಿಂದಲೇ ಕಲಿತದ್ದರಿಂದ ಅದರಲ್ಲಿ ಕಾಲುಭಾಗ ತೆಲುಗು ಸೇರಿತ್ತು. ಆವರಿಕೆ ಹೂವಿಗೆ ಅವಳು ಕಡೆಯವರೆಗೂ ತಂಗೇಡು ಎಂದೇ ಹೇಳುತ್ತಿದ್ದಳು. ಳಕಾರ ಮಾತ್ರ ಅವಳಿಗೆ ಬಹಳ ವರ್ಷ ಒಲಿಯಲಿಲ್ಲ. ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್ಟಿನಲ್ಲಿ ಮೊದಲ ಸಲ ದವನದ ಕಂತೆಯನ್ನು ಮೂಸಿದಾಗ ಅವಳು ನಡುದಾರಿಯಲ್ಲೇ ನಿಂತು ಅತ್ತಳೆಂದು ದೊಡ್ಡಪ್ಪ ಹೇಳುತ್ತಿದ್ದರು. ಅವಳ ಹಳ್ಳಿಯ ಬೇಲಿಸಾಲಿನಲ್ಲಿ ಬೆಳೆಯುವ, ಆ ಹಬ್ಬದ ಕಂತೆಯಲ್ಲಿ ಇರಲೇಬೇಕಾದ ಕಹಿಗಿಡವೊಂದಕ್ಕೂ ನಮ್ಮ ದವನಕ್ಕೂ ವಾಸನೆಯಲ್ಲಿ ಅಕ್ಕತಂಗಿಯರ ಹೋಲಿಕೆಯಂತೆ.

ಅವಳು ತನ್ನ ಹಬ್ಬವನ್ನು ಬಿಡಲಿಲ್ಲ. ಆಗಸ್ಟ್ ಹದಿನೈದಕ್ಕೆ ಬೆಳಿಗ್ಗೆ ಊರಿನ ಸ್ಕೂಲಿನಲ್ಲಿ ಧ್ವಜ ಹಾರಿಸುವಾಗ ದೊಡ್ಡಮ್ಮ ರಾಗಿ ತೆನೆ, ತುಳಸಿ, ತುಂಬೆ, ಚೆಂಡುಹೂವು ಸೇರಿಸಿ ಕಟ್ಟಿದ ದೊಡ್ಡ ಕಂತೆ ಹಿಡಿದು ಮಕ್ಕಳ ಸಾಲಿನ ಪಕ್ಕ ನಿಲ್ಲುತ್ತಿದ್ದಳು. ಬಾವುಟದೊಳಗೆ ಮಡಿಸಿಡುವ ಹೂವಿನ ಎಸಳು ಕೂಡ ಅವಳ ತೋಟದ್ದೇ. ಸ್ವಾತಂತ್ರ್ಯ ದಿನಾಚರಣೆಗೆ ಸೊಪ್ಪಿನ ಕಂತೆ ಹಿಡಿಯುವುದು ದೇಶದ ಎಲ್ಲ ಕಡೆಯ ಪದ್ಧತಿ ಎಂದೇ ನಾನು ಹೈಸ್ಕೂಲಿಗೆ ಹೋಗುವವರೆಗೆ ನಂಬಿದ್ದೆ. ಜೂನ್ ತಿಂಗಳ ಒಂದು ಸಂಜೆ ಹೆಣ್ಣುಮಕ್ಕಳನ್ನೆಲ್ಲ ಕೂರಿಸಿಕೊಂಡು, ಹೂವು ಸೊಪ್ಪು ಸುತ್ತಿದ ಬಳೆಯಂಥ ದಂಡೆಗಳನ್ನು ಕಟ್ಟಿಸಿ, ನಡುವೆ ಮೇಣದಬತ್ತಿ ಇರಿಸಿ ಬೋರ್‌ವೆಲ್ಲಿನ ತೊಟ್ಟಿಯಲ್ಲಿ ತೇಲಿಬಿಡಿಸುತ್ತಿದ್ದಳು. ಅವರ ಊರಲ್ಲಿ ಅದನ್ನು ಹೊಳೆಯಲ್ಲಿ ಬಿಡುತ್ತಾರೆ, ಯಾರ ದಂಡೆ ಯಾವ ದಡಕ್ಕೆ ಹೋಗುತ್ತದೆಯೋ ಆ ಕಡೆಯ ಗಂಡು ಬರುತ್ತಾನೆ ಎಂಬ ನಂಬಿಕೆ. ನಮ್ಮ ತೊಟ್ಟಿಯಲ್ಲಿ ದಂಡೆಗಳು ಎಲ್ಲಿಗೂ ಹೋಗದೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ನಿಂತಲ್ಲೇ ತಿರುಗುತ್ತಿದ್ದವು. ಹೋಗದಿದ್ದರೂ ನಷ್ಟವಿಲ್ಲ ಎಂದು ಅವಳು ನಗುತ್ತಿದ್ದಳು.

ಒಂದೇ ಒಂದು ಹೂವಿನ ಜೊತೆ ಅವಳಿಗೆ ಕಿರಿಕಿರಿಯಿತ್ತು. ಸೇವಂತಿಗೆ. ಮದುವೆಯಾದ ಹೊಸದರಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಅವಳ ನಾದಿನಿ, ಅಂದರೆ ನನ್ನ ಸೋದರತ್ತೆ, ಅವಳ ಜಡೆಗೆ ಹಳದಿ ಸೇವಂತಿಗೆ ಮುಡಿಸಿದಳು. ದೊಡ್ಡಮ್ಮ ಕನ್ನಡಿ ನೋಡಿಕೊಂಡವಳೇ ಅದನ್ನು ಎಳೆದು ಹಾಕಿದಳು. ಮನೆಯವರಿಗೆಲ್ಲ ಮುಖಕ್ಕೆ ಹೊಡೆದಂತಾಯಿತು. ಆಮೇಲೆ ದೊಡ್ಡಪ್ಪ ಬಿಡಿಸಿ ಹೇಳಿದರು. ಅವರಲ್ಲಿ ಸೇವಂತಿಗೆ ಸತ್ತವರ ಹೂವು. ನವೆಂಬರಿನಲ್ಲಿ ಹಿರಿಯರ ದಿನ ಬಂದಾಗ ಊರಿನ ಗೋರಿಗಳ ಮೇಲೆಲ್ಲ ಸೇವಂತಿಗೆ ಇಡುತ್ತಾರೆ, ಜೀವಂತ ಇರುವವರಿಗೆ ಯಾರೂ ಕೊಡುವುದಿಲ್ಲ. ಅಜ್ಜಿ ಅದನ್ನು ಕೇಳಿ, ಹಾಗಾದರೆ ಬೇಡ ಬಿಡಿ, ಅವಳಿಗೆ ಕನಕಾಂಬರ ತಂದುಕೊಡಿ ಎಂದಳಂತೆ. ಮುಂದೆ ಚಿಕ್ಕಬಳ್ಳಾಪುರದ ಮಾರ್ಕೆಟ್ಟಿಗೆ ಮೂಟೆಗಟ್ಟಲೆ ಸೇವಂತಿಗೆ ಬೆಳೆದು ಕಳಿಸಿದರೂ ದೊಡ್ಡಪ್ಪ ಇರುವವರೆಗೆ ದೊಡ್ಡಮ್ಮ ಅದರ ಒಂದು ಎಸಳು ಕೂಡ ಮುಡಿಯಲಿಲ್ಲ.

ನನ್ನನ್ನು ಚಿಂತಾಮಣಿಯ ಮನೆಯೊಂದಕ್ಕೆ ಮದುವೆ ಮಾಡಿಕೊಟ್ಟ ಸ್ವಲ್ಪ ಕಾಲಕ್ಕೆ ದೊಡ್ಡಪ್ಪ ತೀರಿಕೊಂಡರು. ಹೂವು ಬಿಡಿಸುತ್ತಿದ್ದವರು ಎದೆ ಹಿಡಿದುಕೊಂಡು ಸಾಲಿನ ನಡುವೆ ಕೂತರು, ಮತ್ತೆ ಏಳಲಿಲ್ಲ. ತೋಟದ ಮೂಲೆಯಲ್ಲೇ ಮಣ್ಣು ಮಾಡಿದರು. ಹನ್ನೊಂದನೇ ದಿನಕ್ಕೆ ನೆಂಟರೆಲ್ಲ ಸೇರಿದರು. ನಮ್ಮಲ್ಲಿ ಆ ದಿನ ಗಂಡ ಸತ್ತವಳನ್ನು ಕೂರಿಸಿ, ಕೊನೆಯ ಸಲ ಅಂತ ತಲೆತುಂಬ ಹೂವು ಮುಡಿಸಿ, ಹಣೆತುಂಬ ಕುಂಕುಮ ಇಟ್ಟು, ಕೈತುಂಬ ಬಳೆ ತೊಡಿಸಿ, ಆಮೇಲೆ ಎಲ್ಲವನ್ನೂ ತೆಗೆದುಹಾಕುತ್ತಾರೆ. ಗೌರಿಬಿದನೂರಿನ ಕಡೆ ಮದುವೆ ಮಾಡಿಕೊಟ್ಟಿದ್ದ ಸೋದರತ್ತೆ ಅದಕ್ಕೆಂದೇ ಮಲ್ಲಿಗೆ, ಕನಕಾಂಬರ ತಂದಿದ್ದಳು.

ದೊಡ್ಡಮ್ಮ ಸ್ನಾನ ಮಾಡಿ ಹಿತ್ತಲಿನಿಂದ ಬಂದಳು. ತಲೆಯ ಸುತ್ತ ಕಿರೀಟದಂತೆ ಸುತ್ತಿದ ಬಿಳಿಜಡೆಗೆ ಹಳದಿ ಸೇವಂತಿಗೆ ಕಟ್ಟಿಕೊಂಡಿದ್ದಳು.

“ಅತ್ತಿಗೆ, ನಾವು ಮುಡಿಸ್ತೀವಲ್ಲಮ್ಮ. ಮುಡಿಸಿ ತೆಗೀಬೇಕು. ಅದು ಶಾಸ್ತ್ರ,” ಎಂದಳು ಸೋದರತ್ತೆ. ಅವಳ ದನಿಯಲ್ಲಿ ಗದರಿಕೆಯಿರಲಿಲ್ಲ. ಅಣ್ಣನನ್ನು ಕಳೆದುಕೊಂಡ ದುಃಖ ಅವಳಿಗೂ ಇತ್ತು.

“ಇದು ನಮ್ಮೂರಾಗೆ ಸತ್ತೋರ ಹೂವ ಕಣಮ್ಮ. ಅವ್ರಿಗೋಸ್ಕರ ಮುಡ್ದಿದೀನಿ. ತೆಗೆಯೋಕಲ್ಲ,” ಎಂದಳು ದೊಡ್ಡಮ್ಮ.

ಹಿರಿಯ ಹೆಂಗಸೊಬ್ಬಳು ಮುಂದೆ ಬಂದು ಅವಳ ತೋಳು ಹಿಡಿದು ಮಣೆಯ ಮೇಲೆ ಕೂರಿಸಲು ನೋಡಿದಳು. ದೊಡ್ಡಮ್ಮ ಕೈ ಬಿಡಿಸಿಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅವಳು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

“ನಮ್ಮೂರಾಗೆ ಮದುವೆ ದಿನಾನೇ ಹೂವ ಕೀಳ್ತಾರೆ. ಮದುವೆ ಆಗೋವರ್ಗೂ ಹುಡುಗಿ ತಲೆ ಮೇಲೆ ಹೂವಿನ ದಂಡೆ. ಮದುವೆ ಊಟ ಆದ್ಮೇಲೆ ದೊಡ್ಡ ಹೆಂಗಸ್ರೆಲ್ಲ ಸುತ್ತ ನಿಂತು ದಂಡೆ ತೆಗ್ದು ಬಟ್ಟೆ ಟೋಪಿ ಹಾಕ್ತಾರೆ, ಇನ್ನು ನೀನು ಹೆಂಡ್ತಿ ಅಂತ. ಮೂರು ಸಲ ಬೇಡ ಅನ್ಬೇಕು, ಅದೇ ಶಾಸ್ತ್ರ. ನಾಲ್ಕನೇ ಸಲ ಸುಮ್ನಿರ್ಬೇಕು. ನಾನು ನಾಲ್ಕನೇ ಸಲಾನೂ ಬೇಡ ಅಂದೆ. ಎಲ್ರೂ ನಕ್ರು. ನಕ್ಕೊಂಡೇ ಕಿತ್ರು. ಅವತ್ತು ಚಿಕ್ಕೋಳು ನಾನು, ಸುಮ್ನಾದೆ. ಅಲ್ಲಿ ಗಂಡ ಬಂದ ಅಂತ ಕಿತ್ರು, ಇಲ್ಲಿ ಗಂಡ ಹೋದ ಅಂತ ಕೀಳ್ತೀರ. ಎಲ್ಲಿ ಹೋದ್ರೂ ನಮ್ಮ ತಲೆಗೇ ಯಾಕೆ ಕೈ ಬರ್ತದೆ? ನಾನು ಬಿಡಲ್ಲ.”

ಬಲವಂತ ಮಾಡಲು ಅವಳು ನಮ್ಮ ಕಡೆಯವಳೂ ಅಲ್ಲ, ಬಿಟ್ಟುಬಿಡಲು ಹೊರಗಿನವಳೂ ಅಲ್ಲ. ಸೋದರತ್ತೆ ತಂದ ಮಲ್ಲಿಗೆಯನ್ನು ಅಲ್ಲೇ ಇಟ್ಟು ಎಲೆ ಮುಂದೆ ಕೂರದೆ ಹೊರಟುಹೋದಳು. ನನ್ನ ಅಮ್ಮನಿಗಂತೂ ತಡೆಯಲಾರದ ಸಿಟ್ಟು ಬಂತು. ಇಷ್ಟು ವರ್ಷ ಒಂದೇ ಹಟ್ಟಿಯಲ್ಲಿ ಓರಗಿತ್ತಿಯಾಗಿ ಬಾಳಿದವಳು, ನೆಂಟರ ಮುಂದೆ ನಮ್ಮ ಮಾನ ತೆಗೆದಳು ಎಂದು ಅಡುಗೆಮನೆಯಲ್ಲಿ ಅತ್ತಳು. ಅಪ್ಪ ಜಗುಲಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು, ಒಂದು ಮಾತೂ ಆಡಲಿಲ್ಲ.

ಊರು ಅದಕ್ಕೆ ಬೆಲೆ ವಸೂಲು ಮಾಡಿತು. ಮದುವೆ, ನಾಮಕರಣಗಳಿಗೆ ಅವಳನ್ನು ಕರೆಯುವುದು ನಿಂತಿತು. ಕರೆಯದಿದ್ದರೂ ಅವಳು ಹೋಗುತ್ತಿದ್ದಳು, ಮುಂದಿನ ಸಾಲಿನಲ್ಲೇ ಕೂರುತ್ತಿದ್ದಳು. ಅರಿಶಿನ ಕುಂಕುಮದ ತಟ್ಟೆ ಹಿಡಿದವರು ಅವಳನ್ನು ದಾಟಿ ಮುಂದೆ ಹೋದರೆ ತಾನೇ ಕೈ ಚಾಚಿ ಬೆರಳಲ್ಲಿ ಕುಂಕುಮ ತೆಗೆದು ಇಟ್ಟುಕೊಳ್ಳುತ್ತಿದ್ದಳು. ದೇವಸ್ಥಾನದ ಪೂಜಾರಿ ಅವಳ ತೋಟದ ಹೂವು ಬೇಡವೆಂದು ಹೇಳಿ ಕಳಿಸಿದಾಗ ಬುಟ್ಟಿ ಹೊತ್ತು ತಂದು ಅರಳಿಕಟ್ಟೆಯ ನಾಗರಕಲ್ಲಿಗೆ ಹಾರ ಹಾಕಿ ಬಂದಳು. ನಾಗಪ್ಪ ಏನೂ ಅನ್ನಲಿಲ್ಲ ಎಂದು ಮನೆಗೆ ಬಂದು ವರದಿ ಒಪ್ಪಿಸಿದಳು. ಇದೆಲ್ಲ ನನಗೆ ಫೋನಿನಲ್ಲಿ ಅಮ್ಮನಿಂದ ದೂರಿನ ರೂಪದಲ್ಲಿ ಬರುತ್ತಿತ್ತು. ದೊಡ್ಡಮ್ಮನ ಧೈರ್ಯವನ್ನು ನಾನು ಮೆಚ್ಚುತ್ತಿದ್ದೆ, ಸಿನಿಮಾದಲ್ಲಿ ಬೇರೆಯವರ ಧೈರ್ಯವನ್ನು ಮೆಚ್ಚುವ ಹಾಗೆ.

ಆಮೇಲೆ ನನ್ನ ಸರದಿ ಬಂತು. ನನ್ನ ಗಂಡ ಚಿಂತಾಮಣಿಯ ಟೊಮೆಟೊ ಮಾರ್ಕೆಟ್ಟಿನಲ್ಲಿ ಸಗಟು ವ್ಯಾಪಾರದ ಮಂಡಿ ಇಟ್ಟುಕೊಂಡಿದ್ದರು. ಬೆಳಗಿನ ಲೋಡು ಇಳಿಸಲು ಬೈಕಿನಲ್ಲಿ ಹೋದವರನ್ನು ಲಾರಿಯೊಂದು ಹೊಡೆದುಹೋಯಿತು. ಮಗಳು ಆಗಿನ್ನೂ ಸ್ಕೂಲಿಗೆ ಸೇರಿರಲಿಲ್ಲ. ಆ ದಿನಗಳಲ್ಲಿ ಯಾರು ಬಂದರು, ಯಾರು ಏನು ತಿನ್ನಿಸಿದರು ಎಂಬುದು ನನಗೆ ಇವತ್ತಿಗೂ ನೆನಪಿಗೆ ಬರುವುದಿಲ್ಲ. ಹನ್ನೊಂದನೇ ದಿನ ಮಾತ್ರ ಚೆನ್ನಾಗಿ ನೆನಪಿದೆ.

ನಡುಮನೆಯಲ್ಲಿ ಮಣೆ ಹಾಕಿದ್ದರು. ಗಂಡನ ತಾಯಿ ಗೋಡೆಗೊರಗಿ ಕೂತಿದ್ದರು. ಅವರು ಕೆಟ್ಟವರಲ್ಲ. ಮಗನನ್ನು ಕಳೆದುಕೊಂಡ ಹೆಂಗಸು, ಪದ್ಧತಿಯೊಂದನ್ನಾದರೂ ಸರಿಯಾಗಿ ಮಾಡಿ ಮುಗಿಸಬೇಕೆಂಬ ಹಟದಲ್ಲಿದ್ದರು. ನನ್ನ ಅಮ್ಮ ನನ್ನ ಪಕ್ಕದಲ್ಲಿದ್ದಳು. ಹೂವು, ಬಳೆ, ಕುಂಕುಮ ಎಲ್ಲ ತಟ್ಟೆಯಲ್ಲಿ ಸಿದ್ಧವಾಗಿತ್ತು. ಅಷ್ಟರಲ್ಲಿ ಹೊಸ್ತಿಲಲ್ಲಿ ದೊಡ್ಡಮ್ಮ ಕಾಣಿಸಿದಳು. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದರಿಂದ ಅವಳ ಮೂಗು ಕೆಂಪಾಗಿತ್ತು. ಕಂಕುಳಲ್ಲಿ ಬುಟ್ಟಿ, ಮೇಲೆ ಒದ್ದೆಬಟ್ಟೆ. ಮುಡಿಯಲ್ಲಿ ಕನಕಾಂಬರ. ಅವಳು ಒಳಗೆ ಬರದಂತೆ ಯಾರೋ ಅಡ್ಡ ನಿಂತರು. ಅವಳು ಒಳಗೆ ಬರಲು ನೋಡಲೂ ಇಲ್ಲ. ಹೊಸ್ತಿಲಾಚೆಯಿಂದಲೇ ನನ್ನನ್ನು ಕೇಳಿದಳು.

“ನಿಂಗೆ ಹೂವ ಬೇಕಾ, ಬೇಡ್ವಾ? ಅಷ್ಟೇ ಹೇಳು ಮಗಾ. ಬೇಡ ಅಂದ್ರೆ ಬಂದ ಬಸ್ಸಿಗೇ ಹೋಗ್ತೀನಿ. ಬೇಕು ಅಂದ್ರೆ ಯಾರು ಕಿತ್ರೂ ಮತ್ತೆ ಮುಡಿಸ್ತೀನಿ.”

ಅವತ್ತಿನವರೆಗೆ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ನನಗೆ ಏನು ಆಗಬೇಕೋ ಅದನ್ನು ಸುತ್ತ ಕೂತವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ನನಗೆ ಆ ಹೊತ್ತಿಗೆ ಹೂವಿನ ಆಸೆ ಖಂಡಿತ ಇರಲಿಲ್ಲ. ಇದ್ದದ್ದು ಒಂದೇ, ಯಾರೂ ನನ್ನ ತಲೆಯ ಮೇಲೆ ಕೈಯಿಡುವುದು ಬೇಡವಾಗಿತ್ತು. ಬೇಕು ಅಂದೆ. ಎಲ್ಲರಿಗೂ ಕೇಳಲೆಂದು ಇನ್ನೊಂದು ಸಲ ಗಟ್ಟಿಯಾಗಿ ಅಂದೆ.

ಮನೆಯಲ್ಲಿ ಗದ್ದಲವೆದ್ದಿತು. ಹೂವು ಮುಡಿದು ಈ ಸೂರಿನ ಕೆಳಗೆ ಇರಲಾಗದು ಎಂದು ಗಂಡನ ತಾಯಿ ಅಳುತ್ತಲೇ ಹೇಳಿದರು. ಗಂಡಸರು ಹೊರಗಿನಿಂದ ಕೂಗಾಡಿದರು. ಆಗ ನನ್ನ ಅಮ್ಮ ಎದ್ದು ನಿಂತಳು. ದೊಡ್ಡಮ್ಮನ ಮೇಲೆ ವರ್ಷಗಟ್ಟಲೆ ಮುನಿಸಿಕೊಂಡಿದ್ದ ನನ್ನ ಅಮ್ಮ. ಅವಳನ್ನು ಹೊರಗೆ ಕಳಿಸಲು ಎದ್ದಳೆಂದೇ ನಾನು ತಿಳಿದೆ. ಅಮ್ಮ ಹೊಸ್ತಿಲಿಗೆ ಹೋಗಿ, ಅಡ್ಡ ನಿಂತವರನ್ನು ಸರಿಸಿ, ಓರಗಿತ್ತಿಯ ಕಂಕುಳಿನ ಬುಟ್ಟಿ ತೆಗೆದುಕೊಂಡಳು.

“ಬಾರಕ್ಕ ಒಳಕ್ಕೆ,” ಅಂದಳು. “ನನ್ ಮಗಳು ಬೇಕು ಅಂದ್ಲು, ನಾನೇ ಕೇಳಿಸ್ಕೊಂಡೆ.”

ಅಮ್ಮ ನನ್ನ ತಲೆಯನ್ನು ಎದೆಗೊತ್ತಿ ಹಿಡಿದಳು. ದೊಡ್ಡಮ್ಮ ಮುಡಿಸಿದಳು. ಪಿನ್ನು ಎರಡು ಸಲ ಚುಚ್ಚಿತು. ಹೂವಿನ ನಡುವೆ ಒಂದೆರಡು ಎಳೆ ಮಾಚಿಪತ್ರೆ ಸೇರಿಸಿದ್ದಳು. ಅದರ ಕಹಿ ವಾಸನೆಯೇ ಅವತ್ತು ನನ್ನನ್ನು ಎಚ್ಚರವಾಗಿಟ್ಟದ್ದು.

ಅವತ್ತು ಸಂಜೆಯೇ ಮಗಳನ್ನು ಕರೆದುಕೊಂಡು ತವರಿಗೆ ಬಂದೆ. ಗಂಡನ ಮನೆಯವರು ಹಲವು ವರ್ಷ ನಮ್ಮ ಕಡೆ ತಿರುಗಿ ನೋಡಲಿಲ್ಲ. ಈಗ ಮೊಮ್ಮಗಳ ಹುಟ್ಟುಹಬ್ಬಕ್ಕೆ ಫೋನ್ ಮಾಡುತ್ತಾರೆ. ನನ್ನ ಜೊತೆ ಇನ್ನೂ ಮಾತಿಲ್ಲ.

ತೋಟದಲ್ಲಿ ನಾನು ದೊಡ್ಡಮ್ಮನ ಜೊತೆ ಕೈ ಸೇರಿಸಿದೆ. ಬೆಳಕು ಹರಿಯುವ ಮುಂಚೆ ಬಿಡಿಸಿದ ಹೂವನ್ನು ಟೆಂಪೋಗೆ ಹಾಕಿ ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿದ್ದೆವು. ಮಾರ್ಕೆಟ್ಟಿನಲ್ಲಿ ಅವಳನ್ನು ಎಲ್ಲರೂ ಪೋಲೆಂಡಮ್ಮ ಎನ್ನುತ್ತಿದ್ದರು. ಇಬ್ಬರು ಗಂಡನಿಲ್ಲದವರು ತಲೆಗೆ ಹೂವು ಮುಡಿದು ಹೂವು ಮಾರಲು ನಿಂತರೆ ಜನ ಸುಮ್ಮನಿರುತ್ತಾರೆಯೇ. ಕೆಲವರು ನಮ್ಮ ಮೂಟೆ ಬಿಟ್ಟು ಪಕ್ಕದ ಮೂಟೆಗೆ ಹೋಗುತ್ತಿದ್ದರು. ಹೋಗಲಿ ಬಿಡು, ಅವರಿಗೆ ಪಕ್ಕದವರ ಹೂವಿನ ಹುಳವೂ ಸಿಗಲಿ ಎನ್ನುತ್ತಿದ್ದಳು. ಒಮ್ಮೆ ಶಿಡ್ಲಘಟ್ಟದ ಮದುವೆಮನೆಯವರು ಮೊಗ್ಗಿನ ಜಡೆಗೆ ಹೇಳಿದ್ದರು. ನಾವಿಬ್ಬರೂ ಕೂತು ಕಟ್ಟಿ ಮುಗಿಸಿದ ಮೇಲೆ, ಕಟ್ಟಿದವರು ಎಂಥವರೆಂದು ತಿಳಿದು ಬೇಡವೆಂದರು. ನನಗೆ ಅಳು ಬಂತು. ದೊಡ್ಡಮ್ಮ ಆ ಜಡೆಯನ್ನು ನನ್ನ ಮಗಳಿಗೆ ಕಟ್ಟಿ, ಹಳೇ ರೇಷ್ಮೆ ಲಂಗ ಹಾಕಿಸಿ, ಊರಿನ ಎಲ್ಲ ಬೀದಿಗಳಲ್ಲಿ ಕೈಹಿಡಿದು ಮೆರವಣಿಗೆ ಮಾಡಿಸಿ ತಂದಳು. ಯಾರ ಮದುವೆ ಎಂದು ಕೇಳಿದವರಿಗೆಲ್ಲ, ಯಾರದ್ದೂ ಅಲ್ಲ, ಹುಡುಗಿ ಚೆನ್ನಾಗಿದಾಳೆ ಅದಕ್ಕೆ ಎಂದು ಉತ್ತರ.

ಅವಳು ಯಾರಿಗೂ ಉಪದೇಶ ಮಾಡಲಿಲ್ಲ. ಅಂಗನವಾಡಿಯಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಒಂದು ದಿನ ಹಿತ್ತಲಿನಿಂದ ಬಂದು ಕನಕಾಂಬರದ ಸಸಿ ಕೇಳಿದಳು. ಹೂವು ಕೇಳಲಿಲ್ಲ, ಸಸಿ ಕೇಳಿದಳು. ಮನೆಯೊಳಗೆ ಇದ್ದಾಗ ಮುಡಿಯುತ್ತಾಳೆ, ಹೊರಗೆ ಬಂದರೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ ಎಂದು ಆಮೇಲೆ ತಿಳಿಯಿತು. ಹೆದರಿಕೊಂಡು ಮುಡಿಯುವುದೂ ಒಂದು ಮುಡಿಯುವುದಾ ಎಂದು ನಾನು ಸ್ವಲ್ಪ ವ್ಯಂಗ್ಯವಾಗಿ ಅಂದಾಗ ದೊಡ್ಡಮ್ಮ ನನ್ನ ಮೇಲೆ ರೇಗಿದಳು. “ಸೆರಗಿನ ಕೆಳಗಿದ್ರೂ ಅದು ಅವಳ ಹೂವ ಕಣೇ. ನೀನ್ಯಾರು ಅಳೆಯೋಕೆ?” ಎಂದಳು. ಮಾರನೆಯ ದಿನ ಇನ್ನೆರಡು ಸಸಿಯನ್ನು ತಾನೇ ಕೊಟ್ಟುಬಂದಳು.

ದೊಡ್ಡಮ್ಮನ ಹೊಟ್ಟೆಯಲ್ಲಿ ಗೆಡ್ಡೆಯೆಂದು ಗೊತ್ತಾದಾಗ ಅದು ಬಹಳ ಬೆಳೆದಿತ್ತು. ಆಸ್ಪತ್ರೆಗೆ ಸೇರಿಸಿ ಸ್ವಲ್ಪ ದಿನ ಇದ್ದು, ಇಲ್ಲಿ ಯಾವ ಎಲೆಯೂ ಇಲ್ಲ ಎಂದು ಹಟ ಮಾಡಿ ಮನೆಗೆ ಬಂದಳು. ಮಂಚವನ್ನು ತೋಟದ ಕಡೆಯ ಕಿಟಕಿಗೆ ಎಳೆದು ಹಾಕಿಸಿಕೊಂಡಳು. ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದಾಗ, ತಮ್ಮ ಊರಲ್ಲಿ ಹಬ್ಬದ ಕಂತೆಯನ್ನು ಕೊನೆಗೆ ಹೆಣದ ತಲೆಯ ಕೆಳಗೆ ದಿಂಬಿನಂತೆ ಇಡುತ್ತಾರೆ ಎಂದು ಹೇಳಿದಳು. ಅವಳ ತಾಯಿ ಸತ್ತಾಗ ಅವಳಿಗೆ ಹೋಗಲಾಗಿರಲಿಲ್ಲ, ಅಕ್ಕ ಇಟ್ಟಳಂತೆ. ನಿನಗೆ ಯಾವ ಯಾವ ಗಿಡ ಬೇಕೆಂದು ಕೇಳಿದೆ.

“ಯಾವುದಾದ್ರೂ ಸರಿ. ವಾಸ್ನೆ ಇರ್ಬೇಕು, ಅಷ್ಟೇ,” ಅಂದಳು. ಗಂಜಿಯ ಬಟ್ಟಲನ್ನು ಸರಿಸಿ, “ಮುಡಿ ಬೋಳು ಮಾಡಿ ಕಳಿಸ್ಬೇಡ,” ಅಂದಳು.

ಶ್ರಾವಣದ ಮೊದಲ ವಾರ, ಬೆಳಿಗ್ಗೆ ಸಣ್ಣ ಮಳೆ ಬೀಳುತ್ತಿರುವಾಗ ಹೋದಳು. ಅಮ್ಮ ಅವಳ ಕೈ ಹಿಡಿದುಕೊಂಡಿದ್ದಳು. ನಾನು ಅಳುವುದನ್ನು ಆಮೇಲಕ್ಕೆ ಇಟ್ಟುಕೊಂಡು ಗುಡ್ಡಕ್ಕೆ ಹೋದೆ. ಮಗಳು ಜೊತೆಗೆ ಬಂದಳು. ತುಂಬೆ, ಲಕ್ಕಿ, ಆವರಿಕೆ, ಹಿತ್ತಲಿನ ತುಳಸಿ, ಮಾಚಿಪತ್ರೆ ಸೇರಿಸಿ ನೀರು ಸೋರುವ ಕಂತೆ ಕಟ್ಟಿದೆವು. ವಾಪಸು ಬರುವಷ್ಟರಲ್ಲಿ ಅಂಗಳದಲ್ಲಿ ಜನ ಸೇರಿ ಮಾತು ಶುರುವಾಗಿತ್ತು. ಮುತ್ತೈದೆ ಹೆಣಕ್ಕೆ ಮಾತ್ರ ಹೂವು ಕುಂಕುಮ, ಇವಳು ಬದುಕಿದ್ದಾಗ ಮಾಡಿದ್ದು ಸಾಕು, ಸತ್ತ ಮೇಲಾದರೂ ಕ್ರಮ ಪಾಲಿಸಿ ಎಂದು ಊರಿನ ಹಿರಿಯರು. ಇಲ್ಲದಿದ್ದರೆ ಹೆಗಲು ಕೊಡುವುದಿಲ್ಲ ಎಂದು ಇಬ್ಬರು ಹೇಳಿಬಿಟ್ಟರು.

ಸೋದರತ್ತೆಯೂ ಬಂದಿದ್ದಳು. ಅವಳು ಅತ್ತಿಗೆಯ ಕಾಲ ಬಳಿ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ಸೇವಂತಿಗೆಯ ದಂಡೆ ತಂದಾಗ ಮಾತ್ರ ತಲೆಯೆತ್ತಿ, ಬೇಡ ಕಣೇ ಎಂದಳು. ಅವಳ ಪ್ರೀತಿಯೂ ನಿಜ, ಆ ಬೇಡವೂ ನಿಜ. ನಾನು ಅವಳಿಗೆ ಉತ್ತರ ಕೊಡದೆ ದೊಡ್ಡಮ್ಮನ ಬಿಳಿಜಡೆಯನ್ನು ಅವಳು ಸುತ್ತಿಕೊಳ್ಳುತ್ತಿದ್ದಂತೆಯೇ ತಲೆಯ ಸುತ್ತ ಸುತ್ತಿ, ಹೂವು ಮುಡಿಸಿ, ಕಂತೆಯನ್ನು ತಲೆಯ ಕೆಳಗಿಟ್ಟೆ. ಅಮ್ಮ ಕುಂಕುಮ ಇಟ್ಟಳು.

ಅಂಗಳದಲ್ಲಿ ಅಪ್ಪ ಎದ್ದು ನಿಂತರು. ಅಣ್ಣ ಸತ್ತಾಗಲೂ ನನ್ನ ಗಂಡ ಸತ್ತಾಗಲೂ ಬಾಯಿ ತೆರೆಯದ ಮನುಷ್ಯ. “ಅವಳು ನಮ್ ಅತ್ತಿಗೆ. ಅವಳಿಗೆ ಬೇಕಾದಂಗೆ ಕಳಿಸ್ತೀನಿ. ಹೆಗಲು ಕೊಡೋರು ಕೊಡ್ರಪ್ಪ, ಇಲ್ದಿದ್ರೆ ಟ್ರ್ಯಾಕ್ಟರ್ ಐತೆ,” ಅಂದರು. ಟ್ರ್ಯಾಕ್ಟರ್ ಬೇಕಾಗಲಿಲ್ಲ. ಮಾರ್ಕೆಟ್ಟಿಗೆ ನಮ್ಮ ಹೂವು ಸಾಗಿಸುತ್ತಿದ್ದ ಟೆಂಪೋ ಡ್ರೈವರು ಮೊದಲು ಬಂದು ಹೆಗಲು ಕೊಟ್ಟರು. ಅವರು ಅಲೀಪುರದ ಸಾಬರು. ಅವರ ಹಿಂದೆ ರೇಷ್ಮೆಗೂಡಿನ ಕೆಲಸಕ್ಕೆ ಬರುವ ಹುಡುಗರು ಬಂದರು. ಕೊಡುವುದಿಲ್ಲ ಎಂದಿದ್ದವರಲ್ಲಿ ಒಬ್ಬರು ನಾಚಿಕೊಂಡು ಸ್ವಲ್ಪ ದೂರ ಹೊತ್ತರು. ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಅಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದಳು, ನಾನೂ ಮಗಳೂ ಹಿಂದೆ ಹೋದೆವು. ದೊಡ್ಡಪ್ಪನ ಪಕ್ಕದಲ್ಲೇ ಅವಳನ್ನು ಮಲಗಿಸಿದೆವು.

ಮೂರನೇ ದಿನ ಹಾಲುತುಪ್ಪ ಬಿಟ್ಟು ಬಂದ ಮೇಲೆ ಸೋದರತ್ತೆ ನನ್ನನ್ನು ಹಿತ್ತಲಿಗೆ ಕರೆದಳು. ಅವಳಿಗೆ ನಿಜವಾಗಿಯೂ ಕಳವಳವಾಗಿತ್ತು. ಊರೆಲ್ಲ ಇದೇ ಮಾತಾಗಿದೆ, ಸುತ್ತಲ ಹಳ್ಳಿಗಳಿಗೂ ಹೋಗುತ್ತದೆ, ನಿನ್ನ ಮಗಳು ದೊಡ್ಡವಳಾಗುತ್ತಿದ್ದಾಳೆ, ನಾಳೆ ಈ ಮನೆಯ ಹೆಣ್ಣನ್ನು ಯಾರು ಕೇಳಿಕೊಂಡು ಬರುತ್ತಾರೆ ಎಂದು ಕೇಳಿದಳು. ಕೈಯಲ್ಲಿದ್ದ ಕಾಫಿ ಆರುತ್ತಿದ್ದರೂ ಅವಳು ಕುಡಿದಿರಲಿಲ್ಲ.

“ಬರೋರು ಬರ್ತಾರೆ ಅತ್ತೆ,” ಅಂದೆ. “ಈ ಮನೆ ಹೆಂಗಸ್ರು ಹಿಂಗೆ ಅಂತ ತಿಳ್ಕೊಂಡೇ ಬರ್ಲಿ. ತಿಳೀದೆ ಬರೋರು ನಮಗೆ ಬ್ಯಾಡ.”

ನೀನೂ ಅವಳ ಥರಾನೇ ಆದೆ ಎಂದಳು ಸೋದರತ್ತೆ. ಬೈದದ್ದೋ ಹೊಗಳಿದ್ದೋ ನಾನು ವಿಚಾರಿಸಲಿಲ್ಲ. ಹೌದು ಅತ್ತೆ ಎಂದು ಹೇಳಿ, ಆರಿದ ಕಾಫಿಯನ್ನು ಅವಳ ಕೈಯಿಂದ ತೆಗೆದುಕೊಂಡು ಬಿಸಿ ಮಾಡಲು ಒಳಗೆ ಹೋದೆ.